ಗರಿಷ್ಠ ಅಂಕ ಇಪ್ಪತ್ತೈದು

ಅಂಕವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕೋ ನೀಲಿ ಶಾಯಿಯಲ್ಲೋ ಎಂಬ ಮಹಾಪ್ರಶ್ನೆ ೧೯೭೩ರ ಫೆಬ್ರವರಿಯಲ್ಲಿ ಕೊಳ್ಳೇಗಾಲದ ನೇಕಾರರ ಬೀದಿಯನ್ನು ಮೂರು ದಿನ ಎಡೆಬಿಡದೆ ಕಾಡಿತು. ಹಗುರವಾಗಿ ಕಾಣುವವರು ಕಾಣಲಿ. ಗಡಿಗಳು ಬದಲಾಗಿ ಊರಿಗೆ ಊರೇ ಕೊಯಮತ್ತೂರು ಜಿಲ್ಲೆಯಿಂದ ಎದ್ದು ಬಂದು ಮೈಸೂರಿಗೆ ಸೇರಿಕೊಂಡಾಗಲೂ ಆ ಬೀದಿಯ ಜಗಲಿಗಳ ಮೇಲೆ ಇಷ್ಟು ಮಾತಾಗಿರಲಿಲ್ಲ. ಕೆಂಪು ಮೇಷ್ಟರ ಬಣ್ಣ, ಅದರ ಮೇಲೆ ನಮಗೆ ಹಕ್ಕಿಲ್ಲ ಎಂದು ಒಂದು ಪಕ್ಷ. ಈಗ ನಾವೇ ಮೇಷ್ಟರಾದ ಮೇಲೆ ಕೆಂಪೇ ಸರಿ ಎಂದು ಇನ್ನೊಂದು. ಮೂರನೆಯ ದಿನ ಬೆಳಿಗ್ಗೆ, ಅಂದರೆ ಲೆಕ್ಚರರು ಬರಬೇಕಾಗಿದ್ದ ದಿನ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ವೆಂಕಟಸ್ವಾಮಿಯ ಪಕ್ಕದಲ್ಲಿ ಎರಡು ಪೆನ್ನುಗಳೂ, ಅವುಗಳ ಕೆಳಗೆ ಗಾಳಿಗೆ ಹಾರದಂತೆ ಒಂದು ಅಚ್ಚಿನ ಕಾಗದವೂ ಇದ್ದವು. ಅವನು ಮೂರರಲ್ಲಿ ಯಾವುದನ್ನೂ ಮುಟ್ಟಿರಲಿಲ್ಲ.

ಕಾಗದ ವಿಶ್ವವಿದ್ಯಾನಿಲಯದ್ದು. ಸಮಾಜಶಾಸ್ತ್ರದ ಎಂ.ಎ.ಗೆ ಆ ವರ್ಷ ಹೊಸದಾಗಿ ಎಂಟನೆಯ ಪತ್ರಿಕೆಯೊಂದನ್ನು ಸೇರಿಸಿದ್ದರು. ಅದರ ಅರ್ಧ ಪುಸ್ತಕದಲ್ಲಿ, ಅರ್ಧ ಬೀದಿಯಲ್ಲಿ. ಆರು ಹುಡುಗರು ಆರು ಮನೆಗಳಿಗೆ ಆರು ವಾರ ಬಂದು, ಮನೆಯವರ ಕಸುಬನ್ನು ಕೈಯಾರೆ ಕಲಿತು, ಅದರ ಮೇಲೆ ವರದಿ ಬರೆದು, ಜೊತೆಗೆ ಬೀದಿಗೆ ಉಪಯೋಗವಾಗುವ ಒಂದು ಕೆಲಸ ಮಾಡಿಕೊಟ್ಟು ಹೋಗಬೇಕು. ಆ ಕೆಲಸವೆಂದರೆ ಹೊಸದಾಗಿ ಏಳಲಿದ್ದ ಸಹಕಾರ ಸಂಘಕ್ಕೆ ನೇಕಾರರ ಪಟ್ಟಿ ತಯಾರಿಸುವುದು. ಪಟ್ಟಿಯಲ್ಲಿ ಹೆಸರಿದ್ದವರೇ ಸದಸ್ಯರು, ಅವರಿಗೇ ಓಟು. ಮಗ್ಗದಲ್ಲಿ ಕೂತು ಕೆಲಸ ಮಾಡಿದವರು ಮಾತ್ರ ನೇಕಾರರು ಎಂದು ಪಟ್ಟಿಯ ತಲೆಯಲ್ಲೇ ಬರೆದಿತ್ತು. ನೂರು ಅಂಕಗಳಲ್ಲಿ ಎಪ್ಪತ್ತೈದು ಲೆಕ್ಚರರ ಕೈಯಲ್ಲಿ. ಉಳಿದ ಇಪ್ಪತ್ತೈದನ್ನು ಮನೆಯ ಯಜಮಾನ ಕೊಡಬೇಕು. ‘ಸಮುದಾಯದ ಮೌಲ್ಯಮಾಪನ, ಗರಿಷ್ಠ ಅಂಕ ಇಪ್ಪತ್ತೈದು’ ಎಂದು ಕಾಗದದ ಮೇಲೆ ದಪ್ಪಕ್ಷರದಲ್ಲಿತ್ತು. ಅದರಡಿಯಲ್ಲಿ ಸಣ್ಣಕ್ಷರದಲ್ಲಿ, ವರದಿಯನ್ನು ಓದಿಸಿ ಕೇಳಿದ್ದೇನೆ, ಅದರಲ್ಲಿರುವುದು ನಿಜ, ನಿಜವಲ್ಲದ್ದನ್ನು ಹೊಡೆದುಹಾಕಿದ್ದೇನೆ ಎಂದೂ ಇತ್ತು. ಸಂಕಟವಿದ್ದದ್ದು ಈ ಸಣ್ಣಕ್ಷರದಲ್ಲಿ.

ಮೊದಲ ಎರಡು ದಿನ ವೆಂಕಟಸ್ವಾಮಿಗೆ ದಪ್ಪಕ್ಷರ ಮಾತ್ರ ಕಂಡಿತ್ತು. ಮೂರನೆಯ ಕ್ಲಾಸಿನಲ್ಲಿ ಎರಡು ಸಲ ಕೂತು, ಮೂರನೆಯ ಸಲ ಕೂರಲು ನಾಚಿ, ಸ್ಲೇಟನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಬಂದವನು ಅವನು. ಆ ಸ್ಲೇಟಿನ ಮೂಲೆಯಲ್ಲಿ ಮೇಷ್ಟರು ಬರೆಯುತ್ತಿದ್ದ ಸೊನ್ನೆ ಎಷ್ಟು ದುಂಡಗಿರುತ್ತಿತ್ತೆಂದರೆ, ಮಕ್ಕಳ ದಡ್ಡತನದ ಮೇಲಲ್ಲ, ತನ್ನ ಕೈಬರಹದ ಮೇಲೆ ಆ ಮನುಷ್ಯನಿಗೆ ಪ್ರೀತಿ ಎಂದು ಅವನಿಗೆ ಆಗಲೇ ಅನ್ನಿಸಿತ್ತು. ಈಗ ಎಂ.ಎ. ಓದುವವನಿಗೆ ತಾನು ಅಂಕ ಹಾಕುವುದು. ಇಡೀ ಕೊಳ್ಳೇಗಾಲದಲ್ಲಿ, ಹನೂರಿನಲ್ಲಿ, ಯಳಂದೂರಿನಲ್ಲಿ ಇಂಥ ಅಧಿಕಾರ ಇರುವವರು ಆರು ಜನ, ಆರೂ ಜನ ಈ ಬೀದಿಯವರು. ಪೇಟೆಗೆ ಹೋದರೆ ಎದೆ ತಾನಾಗಿ ಎರಡು ಬೆರಳು ಮುಂದೆ ಹೋಗುತ್ತಿತ್ತು. ಬೀದಿಗೆಲ್ಲ ಹಿರಿಯನಾದ ಬಸವಯ್ಯ ತನ್ನ ಮನೆಯ ಹುಡುಗನಿಗೆ ಇಪ್ಪತ್ತೈದಕ್ಕೆ ಮೂವತ್ತೈದು ಹಾಕಿ ಮಡಿಸಿ ಇಟ್ಟಿದ್ದ. ಹೆಚ್ಚಾಯಿತು ಎಂದವರಿಗೆ, “ಮೂವತ್ತೈದು ಬಂದ್ರೆ ತಾನೇ ಪಾಸು? ನನ್ ಮನೇಲಿ ಉಂಡ ಮಗೀನ ನಾನೇ ಪೇಲ್ ಮಾಡ್ಲಾ?” ಎಂದು ಕೇಳಿದ.

ವೆಂಕಟಸ್ವಾಮಿಯ ಮನೆಗೆ ಬಂದವನು ಷಡಕ್ಷರಿ, ಯಳಂದೂರಿನ ಕಡೆಯ ಜಮೀನುದಾರರ ಹುಡುಗ, ತೆಳ್ಳಗೆ ಉದ್ದಕ್ಕೆ ಇದ್ದು ಎಲ್ಲದಕ್ಕೂ ‘ಯಾಕೆ’ ಎನ್ನುವವನು. ಮೊದಲ ವಾರ ಬುತ್ತಿ ತಂದುಕೊಂಡು ಜಗಲಿಯ ಮೇಲೆ ಬೆನ್ನು ತಿರುಗಿಸಿ ಉಂಡ. ಎರಡನೆಯ ವಾರ ನೀರು ಕೇಳಿದ. ಮೂರನೆಯ ವಾರ ರಂಗಮ್ಮನ ಮುದ್ದೆಗೆ ಕೈ ಹಾಕಿದವನು ಆಮೇಲೆ ಬುತ್ತಿಯ ಮಾತೆತ್ತಲಿಲ್ಲ. ಅವನು ನೆಯ್ದದ್ದು ಒಟ್ಟು ಎರಡು ಮೊಳ, ಅದರಲ್ಲಿ ಒಂದೂವರೆ ಮೊಳವನ್ನು ಬಿಚ್ಚಬೇಕಾಯಿತು. ಆದರೆ ಬಿಚ್ಚುವಾಗಲೂ ಒಂದು ಎಳೆ ಕಡಿಯದಂತೆ ಬಿಚ್ಚಿದ. ಅವನಿಗೆ ಹತ್ತೊಂಬತ್ತು ಕೊಡುವುದೆಂದು ವೆಂಕಟಸ್ವಾಮಿ ತೀರ್ಮಾನಿಸಿದ್ದ, ಆಮೇಲೆ ಇಪ್ಪತ್ತೊಂದು, ಬಿಚ್ಚಿದ ಎಳೆ ನೆನಪಾಗಿ ಇಪ್ಪತ್ತೆರಡು. ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗಳು ರುದ್ರಾಣಿ, ಎಸ್ಸೆಸ್ಸೆಲ್ಸಿಯವಳು, ವರದಿಯನ್ನು ಓದಿ ಹೇಳುವವರೆಗೂ ಎಲ್ಲ ಸರಿಯಾಗಿಯೇ ಇತ್ತು. ಅವಳು ಪಾಠ ಒಪ್ಪಿಸುವ ರಾಗದಲ್ಲಿ ಓದಿದಳು. “ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ವೆಂಕಟಸ್ವಾಮಿ ಅಂಚು ಎಂದು ಪ್ರಸಿದ್ಧವಾಗಿರುವ ಸೀರೆಯ ಅಂಚಿನ ಮಾದರಿಯನ್ನು ರೂಪಿಸಿದವರು ಶ್ರೀಮತಿ ರಂಗಮ್ಮನವರು. ಆ ಮಾದರಿಯಂತೆ ಎಳೆಗಳು ಏಳುವ ಹಾಗೆ ದಾರ ಕಟ್ಟಿ ಮಗ್ಗಕ್ಕೆ ಏರಿಸಿದವರು ಶ್ರೀ ವೆಂಕಟಸ್ವಾಮಿಯವರು.” ಓದಿ ತಲೆಯೆತ್ತಿ, “ಅಪ್ಪಾ, ನಿಜವಾ?” ಎಂದಳು. ಒಳಗೆ ರಂಗಮ್ಮ ಒಲೆಯ ಮುಂದೆ ಏನನ್ನೋ ಮಗುಚುತ್ತಿದ್ದಳು. ಸೌಟಿನ ಸದ್ದು ನಿಲ್ಲಲಿಲ್ಲ, ಜೋರಾಗಲೂ ಇಲ್ಲ.

ಈಗ ವೆಂಕಟಸ್ವಾಮಿ ಲಾಳಿಯನ್ನು ಎಡಕ್ಕೆ ಹೊಡೆದ, ಬಲಕ್ಕೆ ಹೊಡೆದ. ಬೆಳಗಿನ ಬಿಸಿಲು ಗವಾಕ್ಷಿಯಿಂದ ಇಳಿದು ಹಾಸಿನ ಮೇಲೆ ಒಂದು ಗೇಣಿನಷ್ಟು ಬಿದ್ದಿತ್ತು, ಅದರೊಳಗೆ ಎಳೆಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು, ಬಿಸಿಲಿನಾಚೆ ಎಲ್ಲ ಒಂದೇ ಬಟ್ಟೆ. ನೆಯ್ಯುತ್ತಿದ್ದದ್ದೂ ಅದೇ ಅಂಚು. ಪುಟ್ಟ ಹೂವು, ಅದರ ಮೇಲೊಂದು ಓರೆಯ ಎಲೆ, ಮತ್ತೆ ಹೂವು. ಹದಿನಾರು ವರ್ಷದಿಂದ ಕೈ ಮಾಡುತ್ತಿದೆ, ಕಣ್ಣು ನೋಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಮತ್ತೆ ನೋಡಿದರೆ ಹೂವು ಹೂವಾಗಿರಲಿಲ್ಲ, ಅಂಚಿನ ನಕ್ಷೆಯೆಂದು ಮೊರದ ಮೇಲಿಟ್ಟ ಬೀಜವಾಗಿತ್ತು. ಹುಣಸೆಬೀಜ ಇಟ್ಟಲ್ಲಿ ಎಳೆ ಏಳಬೇಕು, ಅವರೆಕಾಳು ಇಟ್ಟಲ್ಲಿ ಮಲಗಬೇಕು. ರಂಗಮ್ಮನಿಗಾಗ ಹದಿನೆಂಟಿರಬೇಕು, ಮದುವೆಯಾಗಿ ಎರಡು ವರ್ಷ. ಮೊರವನ್ನು ಮಡಿಲಲ್ಲಿಟ್ಟುಕೊಂಡು ತವರಿನ ತೆಲುಗಿನಲ್ಲಿ ಒಕಟಿ, ರೆಂಡು, ಮೂಡು ಎಂದು ಎಣಿಸುತ್ತ ಕರಿದೊಂದು ಬಿಳಿದೊಂದು ಇಡುತ್ತಿದ್ದಳು. ಯಾವುದೋ ಆಟ ಎಂದುಕೊಂಡು ಇವನು ಕಾಲಿನಿಂದ ಸರಿಸಿಕೊಂಡು ಹೋಗಲಿದ್ದ. ಊರು ಮೈಸೂರಿಗೆ ಸೇರಿದ ಆ ನವೆಂಬರಿನಲ್ಲಿ ಪೇಟೆಯ ವರ್ತಕ, ಹೊಸ ರಾಜ್ಯಕ್ಕೆ ಹೊಸ ಅಂಚು ತಾ, ಹಳೇದನ್ನ ಅಲ್ಲಿ ಯಾರೂ ಉಡಲ್ಲ ಎಂದಿದ್ದ. ಹೊಸ ಸೀರೆ ಆದ ಮೇಲೆ ಅದರ ಮಡಿಕೆ ಬಿಚ್ಚಿ, ಅಂಚನ್ನು ಹೆಬ್ಬೆರಳಿನಿಂದ ತೀಡಿ ಆತ ಕೇಳಿದ್ದು ಎರಡೇ ಮಾತು. “ಯಾರ್ದ್ಲಾ ಇದು?” ಆತ ಬಂದದ್ದು ಈ ಮನೆಗೇ, ಕೂತದ್ದು ಈ ಜಗಲಿಯ ಮೇಲೆಯೇ. ಬಾಗಿಲ ಹಿಂದೆ ರಂಗಮ್ಮನ ಬಳೆ ಇತ್ತು. ಇವನು ಬಾಯಿ ತೆರೆದಾಗ ಬಂದದ್ದು ‘ನಂದೇ’ ಎಂಬ ಮಾತು. ಸುಳ್ಳು ಹೇಳಬೇಕೆಂದಲ್ಲ. ಈ ಬೀದಿಯಲ್ಲಿ ಹಾಗೆಯೇ ಹೇಳುವುದು. ನನ್ನ ಮಗ್ಗ, ನನ್ನ ಹಾಸು, ನನ್ನ ಸೀರೆ. ಎಳೆ ಸುತ್ತುವ ಹೆಂಡತಿ, ಲಾಳಿಯ ಕಂಡಿಕೆಗೆ ನೂಲು ತುಂಬುವ ತಾಯಿ, ಎಲ್ಲರೂ ಆ ‘ನನ್ನ’ದೊಳಗೆ ಇರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಬಳೆ ಬಾಗಿಲಿನಿಂದ ಒಳಕ್ಕೆ ಹೋಯಿತು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಮರೆಯಬಹುದಿತ್ತು. ಅನ್ನದ ಮಾತನ್ನು ಯಾವ ಕಡೆಯಿಂದ ಹಿಡಿದು ಬಿಚ್ಚುವುದು.

ಆದರೂ ಇದೆಲ್ಲ ವರದಿಯ ಮೊದಲನೆಯ ವಾಕ್ಯ. ಬೆಳಗಿನಿಂದ ಅವನನ್ನು ಹೆಚ್ಚು ಚುಚ್ಚುತ್ತಿದ್ದದ್ದು ಎರಡನೆಯದು. ದಾರ ಕಟ್ಟಿ ಮಗ್ಗಕ್ಕೆ ಏರಿಸಿದವರು. ಅದರ ಹತ್ತಿರ ಬಂದಾಗೆಲ್ಲ ಮನಸ್ಸು, ಬೆತ್ತ ಹಿಡಿದ ಮೇಷ್ಟರನ್ನು ಕಂಡ ಹುಡುಗನ ಹಾಗೆ, ರಸ್ತೆಯ ಆ ಬದಿಗೆ ದಾಟಿಬಿಡುತ್ತಿತ್ತು.

“ಏನಣ್ಣೋ, ಮಾರ್ಕು ಇನ್ನೂ ಮಗ್ಗದಲ್ಲೇ ಅದಾ?” ಎನ್ನುತ್ತ ಎದುರುಮನೆಯ ಚೌಡೇಶ ಬಂದು ಹೊಸಿಲ ಮೇಲೆ ಕೂತ. ಅವನೂ ನೇಕಾರ, ಅವನೂ ಅಂಕ ಕೊಡುವವನು. ಕೊಟ್ಟಾಗಿತ್ತು, ಇಪ್ಪತ್ತೈದಕ್ಕೆ ಇಪ್ಪತ್ತೈದು, ಕೆಂಪಿನಲ್ಲಿ. “ನಂಗೇನು, ನಮ್ಮುಡ್ಗ ನಮ್ಮಜ್ಜಿ ಕಾಲು ನೋವ್ನೂ ಬರ್ಕಂಡವ್ನೆ. ಅಜ್ಜಿ ಕಾಲಿಗೇ ಐದು ಮಾರ್ಕು ಕೊಟ್ಟೆ. ನಿಮ್ಮುಡ್ಗ ಏನೋ ಬೇರೆ ಬರ್ದವ್ನಂತಲ್ಲ?”

“ಯಾರ್ ಏಳುದ್ರು?”

“ರುದ್ರಾಣಿ ನಲ್ಲಿ ತಾವ ನಮ್ಮನೆ ಎಣ್ಣಿಗೆ ಏಳುದ್ಲಂತೆ. ಬುಡು, ನಾ ಯಾರ್ಗೂ ಏಳಕ್ಕೋಗಿಲ್ಲ.” ಎಂದರೆ ಬೀದಿಗೆಲ್ಲ ಗೊತ್ತಾಗಿದೆ ಎಂದರ್ಥ. ಚೌಡೇಶ ಬೀಡಿ ತೆಗೆದು, ರೇಷ್ಮೆಯ ಹತ್ತಿರ ಹಚ್ಚಬಾರದೆಂದು ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡ. “ಇನ್ಮೇಲೆ ಪ್ಯಾಟೇಲಿ ರಂಗಮ್ಮನ್ ಅಂಚು ಕೊಡಿ ಅಂತ ಕೇಳ್ಬೇಕಾಯ್ತದೆ ಅಂತ ನಮ್ಮೋಳು ನಗ್ತಾವ್ಳೆ. ಒಂದು ಗೆರೆ ಎಳ್ದಾಕು ಅತ್ಲಾಗೆ. ಕಾಗದ್ದಲ್ಲೇ ಬರ್ದಿಲ್ವಾ, ನಿಜ ಅಲ್ದೇ ಇದ್ರೆ ಒಡೀರಿ ಅಂತ.”

“ನಿಜ ಆಗಿದ್ರೆ?”

ಚೌಡೇಶನಿಗೆ ಇದು ನಗಬೇಕಾದ ಮಾತೋ ಅಲ್ಲವೋ ತಿಳಿಯಲಿಲ್ಲ. ಕಿವಿಯ ಬೀಡಿಯನ್ನು ಮುಟ್ಟಿ ನೋಡಿಕೊಂಡು, ಮನೆಯಲ್ಲಿ ಕರೆಯುತ್ತಿದ್ದಾರೆ ಎಂದು ಎದ್ದುಹೋದ. ಯಾರೂ ಕರೆದಿರಲಿಲ್ಲ.

ರಂಗಮ್ಮ ತುಂಬಿದ ಕಂಡಿಕೆಗಳ ಬುಟ್ಟಿಯನ್ನು ಗುಂಡಿಯ ಅಂಚಿನಲ್ಲಿಟ್ಟಳು. ಇಡುವಾಗ, ಮದುವೆಯಾದಂದಿನಿಂದ ಇಡುವ ಹಾಗೆಯೇ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಂದಕ್ಕೆ ಹಿಡಿದುಕೊಂಡಳು. ಆ ಬೀದಿಯಲ್ಲಿ ಹೆಂಗಸು ಮಗ್ಗದ ಗುಂಡಿಗೆ ಕಾಲಿಡುವಂತಿಲ್ಲ, ಸೆರಗು ತಾಗಿದರೂ ಹಾಸು ಕೆಡುತ್ತದೆ ಎಂದು ನಂಬಿಕೆ. ಅವಳ ಅತ್ತೆ ಅದನ್ನು ನಂಬಿ ಸತ್ತವಳು. “ರುದ್ರಿ ಅಪ್ಪ,” ಎಂದಳು, ಬುಟ್ಟಿಯನ್ನೇ ನೋಡುತ್ತ. “ಅದೇನು ಒಂದು ಸಾಲ್ಗೆ ಇಂಗೆ ಕೂತಿದ್ದೀರಿ. ಒಡ್ದಾಕ್ಬುಡಿ. ನಂಗೇನು.”

“ನೀನ್ಯಾಕೆ ಅವುನ್ಗೆ ಏಳಕ್ಕೋದೆ?”

“ನಾ ಏನೂ ಏಳ್ನಿಲ್ಲ. ಮೂರು ದಿನದಿಂದ ಆ ಅಂಚು ತಿಳೀದೆ ತಲೆ ಕೆರ್ಕತಿದ್ದ, ನೋಡಕ್ಕಾಗ್ನಿಲ್ಲ. ಮೊರ ತಕಂಡು ಬೀಜ ಇಟ್ಟು ತೋರುಸ್ದೆ. ಇದ್ನ ಯಾರು ಮೊದ್ಲು ಇಟ್ಟಿದ್ದು ಅಂದ. ನಾನೇ ಅಂದೆ. ಕೇಳಿದ್ಕೆ ಏಳ್ದೆ.” ಸ್ವಲ್ಪ ತಡೆದು, “ಕೇಳೋರು ಇರ್ನಿಲ್ಲ, ಏಳಿರ್ನಿಲ್ಲ,” ಎಂದು ಒಳಗೆ ಹೋದಳು. ಆ ಮಾತಿನಲ್ಲಿ ದೂರಿರಲಿಲ್ಲ. ಅಕ್ಕಿ ಮುಗಿದಿದೆ ಎನ್ನುವ ದನಿ. ವೆಂಕಟಸ್ವಾಮಿ ಒಂದು ಕಂಡಿಕೆಯನ್ನು ಲಾಳಿಗೆ ಹಾಕಿದ. ಎಳೆ ಎಷ್ಟು ಸಮನಾಗಿ ಸುತ್ತಿಕೊಂಡಿತ್ತೆಂದರೆ, ಅದನ್ನು ಸುತ್ತಿದ ಕೈಯನ್ನು ಯಾವ ಪೇಟೆಯಲ್ಲಿ ಬೇಕಾದರೂ ತೋರಿಸಬಹುದು ಎಂದು ಅವನಿಗೆ ಅನ್ನಿಸಿತು. ಅನ್ನಿಸಿದೊಡನೆ, ಇಷ್ಟು ವರ್ಷ ಇದೇ ಹೆಮ್ಮೆಯನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟು ಅನುಭವಿಸಿದೆನಲ್ಲ ಎಂದು ಮುಖ ಬಿಸಿಯಾಯಿತು.

ಮಧ್ಯಾಹ್ನ ಷಡಕ್ಷರಿ ಬಂದ. ಬಂದವನು ಚಪ್ಪಲಿ ಬಿಟ್ಟು, ಒಳಗೆ ಬರದೆ, ಕಂಬ ಹಿಡಿದು ನಿಂತ. “ಯಜಮಾನ್ರೇ, ಬೀದಿಯಲ್ಲಿ ಮಾತಾಡ್ತಿದ್ದಾರೆ. ನಾನು ಯೋಚನೆ ಮಾಡಿರ್ಲಿಲ್ಲ. ನೀವು ಹೇಳಿದ್ರೆ ಆ ವಾಕ್ಯ ನಾನೇ ತೆಗೆದುಬಿಡ್ತೀನಿ.”

“ತಗುದ್ರೆ ನಿನ್ ವರದಿ ನಿಂತ್ಕತದಾ?”

ಹುಡುಗ ಸುಳ್ಳು ಹೇಳಲು ನೋಡಿ, ಆಗದೆ ಕಂಬವನ್ನು ಉಗುರಿನಿಂದ ಕೆರೆದ. “ಇಲ್ಲ. ಉಳಿದದ್ದೆಲ್ಲ ಅದರ ಮೇಲೇ ಇದೆ. ಮನೆಯ ಹೆಂಗಸರ ಕೆಲಸ ಲೆಕ್ಕಕ್ಕೆ ಬರಲ್ಲ ಅನ್ನೋದೇ ನನ್ನ ವಿಷಯ.”

“ಮತ್ಯಾಕಪ್ಪ ತಗೀತೀಯ.”

“ನಿಮ್ಮ ಹೆಸರು ಕೆಡುತ್ತೆ.”

“ನನ್ನೆಸ್ರು ನನ್ ತಾವ ಅದೆ, ಅದ್ನ ನಾ ನೋಡ್ಕತೀನಿ. ನೀ ಓಗಿ ಉಣ್ಣೋಗು, ಸಾರು ಆರೋಯ್ತದೆ,” ಎಂದ ವೆಂಕಟಸ್ವಾಮಿ. ಹೇಳಿ ಮುಗಿಸಿದ ಮೇಲೆ, ತಾನು ಇನ್ನೂ ಏನನ್ನೂ ತೀರ್ಮಾನಿಸಿಲ್ಲವೆಂಬುದು ಅವನಿಗೆ ನೆನಪಾಯಿತು. ಹುಡುಗ ಹೋಗಿ ಉಂಡ. ಎರಡು ಮುದ್ದೆ ಉಂಡನೆಂಬುದು ಒಳಗಿನ ಮಾತಿನಿಂದ ತಿಳಿಯಿತು. ಎಂ.ಎ. ಓದುವವರಿಗೆ ಚಿಂತೆ ಹೊಟ್ಟೆಯವರೆಗೆ ಇಳಿಯುವುದಿಲ್ಲವೇನೋ.

ನಾಲ್ಕು ಗಂಟೆಗೆ ಲೆಕ್ಚರರು ಶಿವನಂಜಯ್ಯನವರು ಮೈಸೂರಿನ ಬಸ್ಸಿನಿಂದ ಇಳಿದು, ಚೌಡೇಶ್ವರಿ ಗುಡಿಯ ಜಗಲಿಯ ಮೇಲೆ ಹಾಸಿದ್ದ ಜಮಖಾನದ ಮೇಲೆ ಕೂತರು. ಬೀದಿಗೆ ಬೀದಿಯೇ ಬಂದಿತ್ತು. ಗಂಡಸರು ಮುಂದೆ, ಹೆಂಗಸರು ಗುಡಿಯ ಪಕ್ಕದ ಗೋಡೆಗೆ ಒರಗಿ. ಆರು ಹುಡುಗರು ತೊಳೆದ ಅಂಗಿ ಹಾಕಿಕೊಂಡು ಮದುಮಕ್ಕಳ ಹಾಗೆ ಕೂತಿದ್ದರು. ಲೆಕ್ಚರರು ಬಸವಯ್ಯನ ಕಾಗದ ಬಿಚ್ಚಿ, ಮೂವತ್ತೈದನ್ನು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, “ಹಿರಿಯರ ಆಶೀರ್ವಾದ ಇದು, ಅಂಕ ಅಲ್ಲ,” ಎಂದು ಇಪ್ಪತ್ತೈದೆಂದು ಬರೆದುಕೊಂಡರು. ಬಸವಯ್ಯ ಹತ್ತು ಮಾರ್ಕು ಎಲ್ಲಿ ಹೋಯಿತೆಂದು ಪಕ್ಕದವರನ್ನು ಕೇಳಿದ. ಒಂದೊಂದೇ ವರದಿಯ ಸಾರವನ್ನು ಓದುತ್ತ ಬಂದು ಲೆಕ್ಚರರು ಐದನೆಯದಕ್ಕೆ ಷಡಕ್ಷರಿಯದನ್ನು ಎತ್ತಿಕೊಂಡರು. ಆ ಎರಡು ವಾಕ್ಯಗಳನ್ನು ಓದುವಾಗ ಗೋಡೆಯ ಬದಿಯಲ್ಲಿ ಸೆರಗುಗಳು ಬಾಯಿಗೆ ಹೋದವು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮಲ್ಲ ಅದು, ನಗು. ವೆಂಕಟಸ್ವಾಮಿಗೆ ಸ್ಲೇಟಿನ ಮೂಲೆಯ ದುಂಡನೆಯ ಸೊನ್ನೆ ಕಂಡಿತು, ಹೆಬ್ಬೆರಳಿನಿಂದ ಅಂಚು ತೀಡುವ ವರ್ತಕ ಕಂಡ, ಆಮೇಲೆ ಇವು ಯಾವುವೂ ಅಲ್ಲದೆ ಗುಂಡಿಯಲ್ಲಿ ಇಳಿದ ಎರಡು ಸಣ್ಣ ಪಾದಗಳು ಕಂಡವು, ಹೆಬ್ಬೆರಳ ಪಕ್ಕದ ಕಾಲುಂಗುರ ಧೂಳು ಮೆತ್ತಿಕೊಂಡು ಮಸುಕಾಗಿದ್ದದ್ದೂ ಕಂಡಿತು. ಮನಸ್ಸು ದಾಟಿಕೊಂಡು ಹೋಗುತ್ತಿದ್ದ ಜಾಗ ಅದು. ಇಷ್ಟು ಜನರ ನಡುವೆ ದಾಟಲು ಆ ಬದಿಯ ರಸ್ತೆಯೇ ಇರಲಿಲ್ಲ.

“ನಿಮ್ಮ ಅಂಕ, ಯಜಮಾನ್ರೇ?” ಎಂದರು ಲೆಕ್ಚರರು.

ವೆಂಕಟಸ್ವಾಮಿ ಎದ್ದ. “ಸಾ, ವರದೀಲಿ ಒಂದು ತಪ್ಪದೆ.”

ಷಡಕ್ಷರಿ ತಲೆ ತಗ್ಗಿಸಿದ. ಕೆಮ್ಮಿದವನು ಸುಮ್ಮನಾದ. ಚೌಡೇಶ ಗೆದ್ದವನ ಹಾಗೆ ಸುತ್ತ ನೋಡಿದ.

“ಬೀಜ ಇಟ್ಟೋಳು ನಮ್ಮೋಳು ಅಂತ ಬರ್ದವ್ನೆ. ಅದು ಸರಿಯಾಗದೆ. ದಾರ ಕಟ್ಟಿ ಮಗ್ಗಕ್ಕೆ ಏರ್ಸಿದ್ದು ನಾನು ಅಂತ ಬರ್ದವ್ನೆ. ಅದು ತಪ್ಪು. ನಾ ಕಟ್ದೆ, ಎಡದ ಅಂಚು ಆಯ್ತು, ಬಲದ್ದು ತಿರುವುಮುರುವಾಗಿ ಬತ್ತು. ಮೂರ್ ಸತಿ ಕಟ್ದೆ, ಮೂರ್ ಸತೀನೂ ಅಂಗೇ. ನಮ್ಮವ್ವ ಸಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡ್ಕಂಡು ಓಗಿದ್ದ ಎಂಟು ದಿನ, ನಾ ಕಟ್ಟಿದ್ದೆಲ್ಲ ಬಿಚ್ಚಿ ನಮ್ಮೋಳೇ ಕಟ್ಟುದ್ಲು. ಮೊದುಲ್ನೇ ಸೀರೆ ಅರ್ಧ ಅವಳೇ ನೆಯ್ದಿದ್ದು.”

ಬಸವಯ್ಯ ಕೋಲೂರಿ ಮುಂದಕ್ಕೆ ಬಾಗಿದ. “ಏನಂದ್ಯಪ್ಪ? ಗುಂಡಿಗೆ ಇಳ್ದಿದ್ಲಾ?”

“ಇಳ್ದಿದ್ಲು ಮಾವ. ಎಂಟು ದಿನ.”

“ಹಾಸು ಏನಾಯ್ತು?”

“ಏನೂ ಆಗ್ನಿಲ್ಲ. ಆ ವರ್ಸ ನಿಮ್ಮಗಳ್ ಮದ್ವೇಗೆ ತಕಂಡೋದ್ರಲ್ಲ, ಕೆಂಪು ಸೀರೆ, ಅದೇ ಅದು.”

ಬಸವಯ್ಯ ಬೆರಳು ಮಡಿಸಿ ಲೆಕ್ಕ ಹಾಕಿದ. ಮಗಳು ಮಾರ್ಟಳ್ಳಿಯ ಕಡೆ ನಾಲ್ಕು ಮಕ್ಕಳ ತಾಯಿಯಾಗಿ ಚೆನ್ನಾಗಿಯೇ ಇದ್ದಳು. “ಅಂಗಾರೆ ಸರಿ,” ಎಂದು ಕೋಲನ್ನು ಪಕ್ಕಕ್ಕೆ ಇಟ್ಟ. ಹಿರಿಯನ ಕಡೆಯಿಂದ ಆ ವಿಷಯ ಅಲ್ಲಿಗೆ ಮುಗಿಯಿತು. ಮುಗಿಯಿತು ಎಂದಮೇಲೆ ಮಿಕ್ಕವರು ಶುರುಮಾಡುವುದು ಅಷ್ಟು ಸುಲಭವಿರಲಿಲ್ಲ.

ವೆಂಕಟಸ್ವಾಮಿ ಇನ್ನೂ ನಿಂತೇ ಇದ್ದ. ಎದೆ ತನ್ನಷ್ಟಕ್ಕೆ ತಾನು ಎರಡು ಬೆರಳು ಮುಂದೆ ಬಂದಿತ್ತು, ಪೇಟೆಯಲ್ಲಿ ಬರುವುದಕ್ಕಿಂತ ಹೆಚ್ಚಾಗಿ. “ಬಲದ ಅಂಚು ತಿರುವಿ ಕಟ್ಟೋದು ಈ ಬೀದೀಲಿ ಎಷ್ಟು ಗಂಡುಸ್ರಿಗೆ ಬತ್ತದೆ, ಕೇಳಿ ಸಾ,” ಎಂದ. ಯಾರನ್ನೂ ಕೇಳಬೇಕಾಗಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು.

“ತಪ್ಪಿಗೆ ಎಷ್ಟು ಕಳೀತೀರಿ?” ಎಂದರು ಲೆಕ್ಚರರು. ಅವರ ಮುಖದಲ್ಲಿ ನಗು ಬಂದು, ಅದು ತಮ್ಮ ಹುದ್ದೆಗೆ ಒಪ್ಪುವುದೇ ಎಂದು ನಿಂತು ಯೋಚಿಸುತ್ತಿತ್ತು.

“ಇಪ್ಪತ್ತೆರಡು ಅಂದ್ಕಂಡಿದ್ದೆ, ನಿಜ ಬರ್ದದ್ಕೆ ಇಪ್ಪತ್ತೈದು, ಅದ್ರಲ್ಲಿ ಎರಡು. ನಂಗೆ ಸಲ್ದೇ ಇದ್ದದ್ದ ನಂಗೆ ಕೊಟ್ಟವ್ನೆ. ಕೇಳ್ಬೇಕಿತ್ತು. ಅವಳ್ನ ಕೇಳ್ದ, ನನ್ನ ಕೇಳ್ನಿಲ್ಲ.”

ಗೋಡೆಯ ಕಡೆಯಿಂದ ರಂಗಮ್ಮನ ದನಿ ಬಂತು. ಅವಳು ಗಂಡಸರ ಸಭೆಯಲ್ಲಿ ಮಾತಾಡಿದ್ದನ್ನು ಬೀದಿ ಕೇಳಿದ್ದು ಅದೇ ಮೊದಲು. “ಎರಡು ಯಾಕ್ ಕುಯ್ತೀರಿ ಅದುಕ್ಕೆ? ಉಣ್ಣೋ ಮಗ. ಒಂದ್ ಕುಯ್ರಿ ಸಾಕು.”

“ನೀ ಸುಮ್ನಿರಮ್ಮಿ. ತಪ್ಪು ಅಂದ್ರೆ ತಪ್ಪು.”

ಹೆಂಗಸರು ನಕ್ಕರು. ಈ ಸಲ ಸೆರಗು ಬಾಯಿಗೆ ಹೋಗಲಿಲ್ಲ. ಕಾಗದದ ಮೇಲೆ ಬರೆಯಲು ಚೌಡೇಶ ಮುಂದೆ ಬಂದು ತನ್ನ ಕೆಂಪು ಪೆನ್ನು ಚಾಚಿದ. ಲೆಕ್ಚರರ ಜೇಬಿನದು ಕೆಂಪೂ ಅಲ್ಲ ನೀಲಿಯೂ ಅಲ್ಲ, ಹಸಿರು ಶಾಯಿಯದ್ದೆಂದು ತಿಳಿದು ಎಲ್ಲರಿಗೂ ಸ್ವಲ್ಪ ನಿರಾಸೆಯಾಯಿತು. ಷಡಕ್ಷರಿ ವರದಿಯ ಆ ವಾಕ್ಯವನ್ನು ಮಂಡಿಯ ಮೇಲಿಟ್ಟುಕೊಂಡು ತಿದ್ದಿದ. ಆಮೇಲೆ, ಮಗ್ಗದಲ್ಲಿ ಕೂತವರು ಮಾತ್ರ ಎಂದು ತಲೆಯಲ್ಲಿ ಬರೆದಿದ್ದ ನೇಕಾರರ ಪಟ್ಟಿಯನ್ನು ತೆಗೆದು, ವೆಂಕಟಸ್ವಾಮಿಯ ಹೆಸರಿನ ಕೆಳಗೆ ಜಾಗ ಸಾಲದೆ, ಅಂಚಿನ ಖಾಲಿಯಲ್ಲಿ ಇನ್ನೊಂದು ಹೆಸರನ್ನು ಅಡ್ಡಡ್ಡವಾಗಿ ಬರೆದ. ರಂಗಮ್ಮ ಮುಂದೆ ಬಂದು, ನೆರಿಗೆಯನ್ನು ಹಿಡಿದುಕೊಳ್ಳದೆ, ಜಗಲಿಯ ಮೆಟ್ಟಿಲು ಹತ್ತಿ ಹೆಬ್ಬೆಟ್ಟು ಒತ್ತಿದಳು.

ಎಂಟನೆಯ ಪತ್ರಿಕೆಯಲ್ಲಿ ಷಡಕ್ಷರಿಗೆ ಸಮುದಾಯದ ಕಡೆಯಿಂದ ಇಪ್ಪತ್ತೈದಕ್ಕೆ ಇಪ್ಪತ್ತಮೂರು ಅಂಕ ದಾಖಲಾಯಿತು. ಸಹಕಾರ ಸಂಘಕ್ಕೆ ಆ ಬೀದಿಯಿಂದ ಐವತ್ತೆಂಟು ಮಂದಿ ಸದಸ್ಯರಾದರು, ಅವರಲ್ಲಿ ಒಬ್ಬರು ಹೆಂಗಸು.